ಗೇಣಪ್ಪ ಮುಟ್ಟಿದ ಗಿಡಗಳು

ಮಧ್ಯಾಹ್ನ ಹನ್ನೆರಡು ಗಂಟೆ ಐವತ್ತು ನಿಮಿಷಕ್ಕೆ ಗೇಣಪ್ಪ ತನ್ನದಲ್ಲದ ಗಾಜಿನಮನೆಯಲ್ಲಿ ನಿಂತು, ತನ್ನದಲ್ಲದ ಟೊಮೆಟೊ ಗಿಡವೊಂದರ ಎಲೆಯನ್ನು ಗೇಣು ಹಾಕಿ ಅಳೆಯುತ್ತಿದ್ದ. ಎಡಗೈಯಲ್ಲಿ ಎಲೆಯ ತೊಟ್ಟನ್ನು ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅದನ್ನು ಚಪ್ಪಟೆಯಾಗಿ ಎಳೆದು ಒತ್ತಿ ಹಿಡಿದಿದ್ದ. ಎರಡು ಗೇಣು ಮುಗಿದ ಮೇಲೂ ಮೂರು ಬೆರಳಿನಷ್ಟು ಎಲೆ ಮಿಕ್ಕಿತು. ಅವನ ಸ್ವಂತ ಗಿಡಗಳಲ್ಲಿ ಅತ್ಯುತ್ತಮವಾದದ್ದರ ಎಲೆ ಎರಡು ಗೇಣಿಗೆ ಸರಿಯಾಗಿ ಮುಗಿದುಹೋಗುತ್ತಿತ್ತು. ಉಳಿದ ಮೂರು ಬೆರಳನ್ನು ಅವನು ಎರಡನೇ ಸಲ ಅಳೆದ. ಕಡಿಮೆಯಾಗಲಿಲ್ಲ. ಊಟದ ಕೋಣೆಯಿಂದ ಡಬ್ಬಿಗಳ ಮುಚ್ಚಳದ ಸದ್ದು ಕೇಳುತ್ತಿತ್ತು. ಯಾರೂ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಮುಂದಿನ ಸಾಲಿಗೆ ಹೋದ.

ಆ ವರ್ಷ ನಾನು ಎಲೆರೋಗ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ನಾನು ಕಂಡದ್ದು. ಉಳಿದರ್ಧ ಗೇಣಪ್ಪನೇ ಆಮೇಲೆ ಚಹಾ ಕುಡಿಯುತ್ತ ಹೇಳಿದ್ದು. ಹೇಳುವಾಗ ಅವನು ತನ್ನನ್ನು ಒಳ್ಳೆಯವನಾಗಿ ತೋರಿಸಿಕೊಳ್ಳಲು ಹೋಗಲಿಲ್ಲ, ಹಾಗಾಗಿ ನಂಬಿದ್ದೇನೆ.

ಗೇಣಪ್ಪ ಅವನ ನಿಜವಾದ ಹೆಸರಲ್ಲ. ಟೇಪು ಜೇಬಿನಲ್ಲೇ ಇದ್ದರೂ ಎಲ್ಲವನ್ನೂ ಕೈಯಿಂದಲೇ ಅಳೆಯುವ ಚಟಕ್ಕೆ ಅಲ್ಲಿನವರು ಇಟ್ಟ ಹೆಸರು. ಕಾಂಡದ ದಪ್ಪ, ಹೂಗೊಂಚಲಿಗೂ ತುದಿಗೂ ನಡುವಿನ ಅಂತರ, ಹಣ್ಣಿನ ಸುತ್ತಳತೆ, ಎಲ್ಲಕ್ಕೂ ಗೇಣು, ಬೆರಳು, ಉಗುರು. ಮದುವೆಗೆ ಮುಂಚೆ ಮಾವನ ಮನೆಯ ಬಾಗಿಲನ್ನೂ ಗೇಣು ಹಾಕಿ ನೋಡಿಯೇ ಒಳಗೆ ಹೋಗಿದ್ದನಂತೆ ಎಂದು ಗಾಜಿನಮನೆ ಬೆಚ್ಚಗಿಡುವ ಬಾಯ್ಲರಿನವನು ಹೊಸಬರಿಗೆಲ್ಲ ಹೇಳುತ್ತಿದ್ದ. ಗೇಣಪ್ಪ ಇದಕ್ಕೆ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಬಾಗಿಲು ನಿಜಕ್ಕೂ ಗಿಡ್ಡವಿತ್ತು ಎನ್ನುತ್ತಿದ್ದ.

ಗಾಜಿನಮನೆಗಳು ಎರಡಿದ್ದವು. ಒಂದನೇ ನಂಬರು ಗೇಣಪ್ಪನದು. ಎರಡನೇ ನಂಬರು ಅವನ ಷಡ್ಡಕನದು, ಅಂದರೆ ಹೆಂಡತಿಯ ತಂಗಿಯ ಗಂಡನದು. ಕೆಲಸ ಮಾಡುವಾಗ ಸದಾ ಶಿಳ್ಳೆ ಹಾಕುತ್ತಿದ್ದುದರಿಂದ ಅವನನ್ನು ಎಲ್ಲರೂ ಶಿಳ್ಳೆ ಎಂದೇ ಕರೆಯುತ್ತಿದ್ದರು. ಅವನನ್ನು ಅಲ್ಲಿಗೆ ಸೇರಿಸಿದವನು ಗೇಣಪ್ಪನೇ. ಎಲೆ ಕಾಂಡಕ್ಕೆ ಸೇರುವಲ್ಲಿ ಮೂಡುವ ಕಂಕುಳ ಚಿಗುರನ್ನು ಹೇಗೆ ಚಿವುಟಬೇಕು, ಗಿಡವನ್ನು ಹುರಿಗೆ ಹೇಗೆ ಸುತ್ತಬೇಕು, ಹಳೆಯ ಎಲೆಯನ್ನು ಯಾವ ಕೋನದಲ್ಲಿ ಕತ್ತರಿಸಬೇಕು ಎಂದು ಬೆರಳು ಹಿಡಿದು ಕಲಿಸಿದವನೂ ಅವನೇ. ಮೊದಲ ಎರಡು ವರ್ಷ ಶಿಳ್ಳೆಯ ಗಿಡಗಳು ಸುಮಾರಾಗಿದ್ದವು. ಆಗ ಗೇಣಪ್ಪ ಅವನನ್ನು ತುಂಬ ಪ್ರೀತಿಸುತ್ತಿದ್ದ. ಮೂರನೇ ವರ್ಷದಿಂದ ಎರಡನೇ ನಂಬರಿನ ಹಣ್ಣಿನ ಬುಟ್ಟಿಗಳು ತೂಕದ ಕೋಣೆಗೆ ಹೆಚ್ಚು ಸಲ ಹೋಗತೊಡಗಿದವು.

ಈ ಸುದ್ದಿ ಗೇಣಪ್ಪನಿಗೆ ಕೆಲಸದ ಜಾಗದಲ್ಲಿ ಒಂದು ಸಲ, ಮನೆಯಲ್ಲಿ ಎರಡು ಸಲ ತಲುಪುತ್ತಿತ್ತು. ಅಕ್ಕ ತಂಗಿಯರ ಮನೆಗಳ ನಡುವೆ ಒಂದೇ ಬೀದಿ. ತಂಗಿ ಸಂಜೆ ಬಟ್ಟೆ ಮಡಚುತ್ತ ಹೇಳಿದ್ದು ಅಕ್ಕ ರಾತ್ರಿ ಊಟ ಬಡಿಸುತ್ತ ಹೇಳುತ್ತಿದ್ದಳು. ಗಾಜಿನಮನೆಗಳ ಯಜಮಾನಿ ಎರಡನೇ ನಂಬರಿಗೆ ಬಂದು ಅರ್ಧ ಗಂಟೆ ನಿಂತಿದ್ದರಂತೆ. ದೂರದ ಕೊಳ್ಳುವವರು ಅವನ ಗಿಡದ ಫೋಟೊ ತೆಗೆದುಕೊಂಡರಂತೆ. ಈ ‘ಅಂತೆ’ಗಳು ಒಂದೊಂದೂ ಗೇಣಪ್ಪನ ಗಂಟಲಿನಲ್ಲಿ ತುತ್ತಿನ ಜೊತೆ ಸಿಕ್ಕಿಕೊಳ್ಳುತ್ತಿದ್ದವು.

ಅದು ತಳಿಯ ಗುಣ, ಅವನ ಕೈಯ ಗುಣವಲ್ಲ ಎಂದು ಅವನು ಹೇಳುತ್ತಿದ್ದ. ನಿಜ, ಆ ವರ್ಷ ಶಿಳ್ಳೆಗೆ ಹೊಸ ತಳಿ ಕೊಟ್ಟಿದ್ದರು. ಗೇಣಪ್ಪನದು ಹಳೆಯದು, ಗಟ್ಟಿ ಜಾತಿ, ಸಣ್ಣಪುಟ್ಟ ಕಾಯಿಲೆಗೆ ಜಗ್ಗದ್ದು. ಆದರೆ ಅವನ ಹೆಂಡತಿಯ ನೆನಪಿನ ಶಕ್ತಿ ಚೆನ್ನಾಗಿತ್ತು.

“ಹೋದ ವರ್ಷ ಇಬ್ಬರಿಗೂ ಒಂದೇ ತಳಿ ಇತ್ತಲ್ಲ,” ಎಂದಳು. “ಆಗ ಅವನ ಕಡೆ ಬಿಸಿಲು ಜಾಸ್ತಿ ಅಂದಿದ್ರಿ.”

“ಬಿಸಿಲೂ ಜಾಸ್ತಿನೇ.”

“ಸರಿ. ಕೈ ತೊಳ್ಕೊಂಡು ಬನ್ನಿ. ಬೆರಳೆಲ್ಲ ಹಸಿರು ಹಸಿರು.”

ಟೊಮೆಟೊ ಗಿಡದ ಮೈತುಂಬ ಸಣ್ಣ ರೋಮಗಳಿರುತ್ತವೆ. ಬೆರಳು ಒತ್ತಿದರೆ ಮುರಿದು ಹಳದಿ ಹಸಿರು ರಸ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಕಪ್ಪಾಗುತ್ತದೆ. ಎರಡು ಸಲ ಸೋಪು ಹಾಕಿದರೂ ಪೂರ್ತಿ ಹೋಗುವುದಿಲ್ಲ.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಸಾಲಿನ ತುದಿಯಲ್ಲಿ ಒಂದೊಂದು ಸಣ್ಣ ಬಕೆಟ್ಟು, ಅದರಲ್ಲಿ ಕೆನೆ ತೆಗೆದ ಹಾಲಿನ ಪುಡಿ ಕದಡಿದ ನೀರು. ಚಿಗುರು ಚಿವುಟುವವರು, ಚಾಕು ಹಿಡಿದವರು ಕೈಯನ್ನೂ ಚಾಕುವನ್ನೂ ಅದರಲ್ಲಿ ಅದ್ದಿ ಕೆಲಸ ಮಾಡಬೇಕು. ಹಾಲಿನ ಪ್ರೋಟೀನು ವೈರಸ್ಸಿನ ಕಣಗಳನ್ನು ಸುತ್ತಿ ಹಿಡಿದುಕೊಳ್ಳುತ್ತದೆ, ಅವು ಮುಂದಿನ ಗಿಡದ ಗಾಯದೊಳಗೆ ಇಳಿಯಲಾರವು. ಗೇಣಪ್ಪ ಈ ನಿಯಮವನ್ನು ಒಂದು ದಿನವೂ ತಪ್ಪಿಸಿದವನಲ್ಲ. ಸಾಲು ಮುಗಿದ ಕೂಡಲೇ ಮೊಣಕೈವರೆಗೆ ಅದ್ದುತ್ತಿದ್ದ. ಆದರೆ ಊಟದ ಹೊತ್ತಿನಲ್ಲಿ ಎರಡನೇ ನಂಬರಿಗೆ ಹೋಗುವಾಗ ಅವನು ಕೆಲಸಕ್ಕೆ ಹೋಗುತ್ತಿರಲಿಲ್ಲ. ಕೈಯಲ್ಲಿ ಚಾಕು ಇರುತ್ತಿರಲಿಲ್ಲ. ಬರೀ ನೋಡಲು ಹೋಗುವವನಿಗೆ ಹಾಲು ಯಾಕೆ? ಈ ಪ್ರಶ್ನೆ ಅವನ ತಲೆಗೆ ಬರಲೇ ಇಲ್ಲ. ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಅದು ಬಾರದೆ ಹೋಗಿದ್ದು ಹೇಗೆ ಎಂದು ನಾನು ಕೇಳಿದ್ದೆ. ಹೊಟ್ಟೆಕಿಚ್ಚಿನ ಕೆಲಸವನ್ನು ಕೆಲಸ ಅಂತ ಯಾರು ಲೆಕ್ಕ ಹಿಡೀತಾರೆ ಎಂದ.

ಆ ವರ್ಷ ಅವನ ಹೊಟ್ಟೆ ಹೆಚ್ಚು ಉರಿಯಲು ಕಾರಣವಿತ್ತು. ಸಸಿಮನೆಯ ಮುದುಕರು ಋತು ಮುಗಿದ ಮೇಲೆ ನಿವೃತ್ತರಾಗುವವರಿದ್ದರು. ಸಸಿಮನೆ ಎಂದರೆ ಎರಡೂ ಗಾಜಿನಮನೆಗಳ ಹಿಂದೆ ಇದ್ದ ಚಿಕ್ಕ ಬೆಚ್ಚನೆಯ ಕಟ್ಟಡ. ಬೀಜ ಹಾಕುವುದು, ಮೊಳಕೆ ಆರಿಸುವುದು, ಯಾವ ಸಸಿ ಯಾರಿಗೆ ಎಂದು ಹೇಳುವುದು, ಎಲ್ಲ ಅಲ್ಲೇ. ಅದರ ಬೀಗದ ಕೈ ಒಬ್ಬನ ಹತ್ತಿರ ಮಾತ್ರ ಇರುತ್ತಿತ್ತು. ಗೇಣಪ್ಪ ಕೆಲಸಕ್ಕೆ ಸೇರಿದ ದಿನದಿಂದ ಬೇರೇನನ್ನೂ ಬಯಸಿರಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಕೊಡುತ್ತೇನೆ ಎಂದು ಯಜಮಾನಿ ಹೇಳಿದ್ದರು. ಅದಕ್ಕೇ ಅವನು ಅಳೆಯಲು ಹೋಗುತ್ತಿದ್ದದ್ದು. ತನ್ನದು ಎಷ್ಟು ಹಿಂದೆ ಇದೆ ಎಂದು ಬೆರಳಿನ ಲೆಕ್ಕದಲ್ಲಿ ಗೊತ್ತಾಗಬೇಕಿತ್ತು. ಎರಡನೇ ನಂಬರಿನಲ್ಲಿ ಸಾಧಾರಣ ಗಿಡಗಳೂ ಬೇಕಾದಷ್ಟಿದ್ದವು. ಅವನ್ನು ಅವನು ಕಣ್ಣಿಂದ ನೋಡಿ ಬಿಟ್ಟುಬಿಡುತ್ತಿದ್ದ, ನೋಡಿ ಸ್ವಲ್ಪ ಸಮಾಧಾನವನ್ನೂ ಪಡುತ್ತಿದ್ದ. ಕೈ ಹಾಕುತ್ತಿದ್ದದ್ದು ತನ್ನದನ್ನು ಮೀರಿಸಿದೆ ಎಂದು ಕಂಡ ಗಿಡಕ್ಕೆ ಮಾತ್ರ.

ಮೊದಲ ಕೆಟ್ಟ ಎಲೆಯನ್ನು ಊಟದ ಕೋಣೆಗೆ ತಂದವನು ಶಿಳ್ಳೆಯೇ. ಗಿಡದ ತುದಿಯಿಂದ ಕಿತ್ತದ್ದು. ಅಗಲವಾಗಿರಬೇಕಾದ ಎಲೆ ಜರೀಗಿಡದ ಎಲೆಯಂತೆ ಕಿರಿದಾಗಿ, ಕೆಲವು ಕಡೆ ದಾರದಷ್ಟೇ ಉಳಿದಿತ್ತು. ಕೆಳಗಿನ ಇನ್ನೊಂದು ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ತೇಪೆಗಳು. “ಅಣ್ಣ, ಇದೇನು ನೋಡಿ,” ಎಂದು ಗೇಣಪ್ಪನ ಮುಂದೆ ಹಿಡಿದ. ಗೇಣಪ್ಪ ನೋಡಿದ. ಆ ಕ್ಷಣ ತನಗೆ ಹಾಲು ಕುಡಿದಷ್ಟು ಸಂತೋಷವಾಯಿತು ಎಂದು ಅವನು ನನಗೆ ಹೇಳುವಾಗ ತಲೆ ತಗ್ಗಿಸಿರಲಿಲ್ಲ, ನೇರವಾಗಿ ಹೇಳಿದ. ಅಂದು ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡನಂತೆ. ಹೆಂಡತಿ ಏನು ವಿಶೇಷ ಎಂದು ಕೇಳಿದಳು. ಹಸಿವು ಎಂದ.

ಮರುದಿನ ಯಜಮಾನಿ ನನಗೆ ಫೋನ್ ಮಾಡಿಸಿದರು.

ನಾನು ಹೋದಾಗ ಎರಡನೇ ನಂಬರಿನಲ್ಲಿ ಶಿಳ್ಳೆಯ ಸದ್ದು ಕೇಳಿಸುತ್ತಿರಲಿಲ್ಲ. ಅವನು ನನ್ನ ಹಿಂದೆಯೇ ನಡೆಯುತ್ತಿದ್ದ, ಆಸ್ಪತ್ರೆಯಲ್ಲಿ ಮಗುವಿನ ತಂದೆ ನಡೆಯುವ ಹಾಗೆ. ಗೇಣಪ್ಪನೂ ಬಂದಿದ್ದ. ನಾನು ಎಲೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ದ್ರಾವಣದ ಜೊತೆ ಹಾಕಿ ಅರೆದು, ಪರೀಕ್ಷೆಯ ಪಟ್ಟಿಯನ್ನು ಅದ್ದಿದೆ. ಪಟ್ಟಿಯ ಮೇಲೆ ಒಂದು ಗೆರೆ ಬಂದರೆ ಗಿಡ ಚೆನ್ನಾಗಿದೆ ಎಂದರ್ಥ. ಎರಡು ಬಂದರೆ ವೈರಸ್ಸು. ಎರಡು ಬಂದವು.

ಟೊಮೆಟೊ ಮೊಸಾಯಿಕ್ ವೈರಸ್ಸು ಎಂದೆ. ಶಿಳ್ಳೆ ಅದು ಗಿಡವನ್ನು ತಿನ್ನುತ್ತದೆಯೇ ಎಂದು ಕೇಳಿದ. ತಿನ್ನಲು ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ ಎಂದು ವಿವರಿಸಿದೆ. ಅದು ಜೀವಕೋಶದೊಳಗೆ ಸೇರಿ, ಅಲ್ಲಿರುವ ಯಂತ್ರಗಳಿಂದಲೇ ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ಗಿಡ ತನಗಾಗಿ ಮಾಡಿಕೊಳ್ಳಬೇಕಾದ ಕೆಲಸ ಹಿಂದೆ ಬೀಳುತ್ತದೆ. ಹಸಿರು ಕಣಗಳು ಕೆಟ್ಟು ತೇಪೆ ಕಾಣುತ್ತವೆ, ಬೆಳಕಿನಿಂದ ಸಕ್ಕರೆ ಮಾಡುವುದು ಕಡಿಮೆಯಾಗುತ್ತದೆ. ಬೆಳವಣಿಗೆಯನ್ನು ಹಿಡಿದು ನಡೆಸುವ ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ, ಹಾಗಾಗಿ ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಕುಳ್ಳಾಗುತ್ತದೆ. ಹೂ ಉದುರುತ್ತದೆ, ಕಾಯಿ ಕಚ್ಚಿದರೂ ಒಳಗೋಡೆ ಕಂದಾಗಬಹುದು.

“ಆದರೆ ಹಳೇ ಎಲೆ ಎಲ್ಲ ಚೆನ್ನಾಗೇ ಇದೆಯಲ್ಲ,” ಎಂದ ಶಿಳ್ಳೆ.

ಒಳ್ಳೆಯ ಪ್ರಶ್ನೆ. ಬೆರಳು ತಾಗಿ ರೋಮ ಮುರಿದ ಎಲೆಯಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ವೈರಸ್ಸು ಅಲ್ಲಿ ಸಂಖ್ಯೆಯಲ್ಲಿ ಬೆಳೆದು, ಸಕ್ಕರೆ ಹರಿಯುವ ನಾಳಕ್ಕೆ ಸೇರಿ, ಮೊದಲು ಬೇರಿನ ಕಡೆಗೆ ಇಳಿಯುತ್ತದೆ. ಆಮೇಲೆ ತುದಿಗೆ ಏರುತ್ತದೆ. ಬಲಿತ ಎಲೆಗಳು ತಮ್ಮ ಆಕಾರವನ್ನು ಆಗಲೇ ಪಡೆದುಬಿಟ್ಟಿರುತ್ತವೆ. ಕೆಡುವುದು ಇನ್ನೂ ಮಡಿಕೆ ಬಿಚ್ಚದ, ರೂಪ ತಳೆಯುತ್ತಿರುವ ಎಲೆಗಳು. ಅದಕ್ಕೇ ಮುಟ್ಟಿದ ದಿನಕ್ಕೂ ಕಾಣುವ ದಿನಕ್ಕೂ ಒಂದೆರಡು ವಾರದ ವ್ಯತ್ಯಾಸ. ಈಗ ಚೆನ್ನಾಗಿ ಕಾಣುವ ಗಿಡದೊಳಗೂ ಅದು ಇರಬಹುದು, ಅದನ್ನು ಚಿವುಟಿದ ಕೈಯಿಂದ ಮುಂದಿನದಕ್ಕೆ ಹೋಗಬಹುದು ಎಂದೆ. ಗಾಜಿನಮನೆಯಲ್ಲಿ ಎರಡು ಸಾವಿರದಷ್ಟು ಗಿಡಗಳಿದ್ದವು. ಶಿಳ್ಳೆ ಒಮ್ಮೆ ಉದ್ದಕ್ಕೂ ನೋಡಿದ.

ಯಜಮಾನಿಗೆ ಬೇಕಾಗಿದ್ದದ್ದು ಇದು ಹೇಗೆ ಬಂತು ಎನ್ನುವುದು. ಅವರು ಕೆಟ್ಟವರಲ್ಲ, ಅವಸರದವರು. ಗೇಣಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದರು. ಶಿಳ್ಳೆ ಹಾಲಿನ ಬಕೆಟ್ಟು ಸರಿಯಾಗಿ ಬಳಸುತ್ತಾನೆಯೇ? ಗೇಣಪ್ಪ ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಬಾಯ್ಲರಿನ ಹಿಂದೆ ಅವನು ಸಿಗರೇಟು ಸೇದುವುದನ್ನು ಒಂದೆರಡು ಸಲ ಕಂಡಿದ್ದೇನೆ ಎಂದ. ಅದು ಸುಳ್ಳಲ್ಲ. ತಂಬಾಕಿನ ಎಲೆಯಲ್ಲಿ ಈ ಕುಟುಂಬದ ವೈರಸ್ಸು ಇರಬಹುದು, ಸೇದುವವರ ಬೆರಳಿನಿಂದ ಗಿಡಕ್ಕೆ ಬರಬಹುದು ಎಂದು ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಗೇಣಪ್ಪ ಒಂದು ನಿಜ ಹೇಳಿ ಸುಮ್ಮನಾದ. ಮಿಕ್ಕ ಕೆಲಸವನ್ನು ಆ ನಿಜವೇ ಮಾಡಿತು. ಸಂಜೆಯೊಳಗೆ ಶಿಳ್ಳೆಯ ಸಿಗರೇಟಿನಿಂದ ಎರಡನೇ ನಂಬರು ಹಾಳಾಯಿತು ಎಂದು ಪ್ಯಾಕಿಂಗ್ ಕೋಣೆಯವರೆಗೂ ಹಬ್ಬಿತ್ತು.

ನಾನು ಎರಡು ದಿನ ಅಲ್ಲೇ ಇದ್ದು ರೋಗ ಕಂಡ ಗಿಡಗಳನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತು ಹಾಕಿದೆ. ಒಟ್ಟು ಮೂವತ್ತೆಂಟು. ನಕ್ಷೆ ವಿಚಿತ್ರವಾಗಿತ್ತು. ಚಿವುಟುವವನ ಕೈಯಿಂದ ಹರಡಿದ್ದರೆ ರೋಗ ಸಾಲು ಹಿಡಿದು ಸಾಗುತ್ತದೆ, ಒಂದರ ಪಕ್ಕ ಒಂದು. ಈ ನಕ್ಷೆಯಲ್ಲಿ ಒಂದು ಇಲ್ಲಿ, ಇನ್ನೊಂದು ಎಂಟು ಗಿಡ ಬಿಟ್ಟು ಅಲ್ಲಿ. ಪಕ್ಕದ ಗಿಡಗಳು ಚೊಕ್ಕ. ಶಿಳ್ಳೆ ಕೆಲಸ ಮಾಡುವುದನ್ನು ನಿಂತು ನೋಡಿದ ಮೇಲೆ ಪಕ್ಕದವು ಯಾಕೆ ಚೊಕ್ಕ ಎಂದು ತಿಳಿಯಿತು. ಅವನ ಬಕೆಟ್ಟು ಸಾಲಿನ ತುದಿಯಲ್ಲಿ ಇರುತ್ತಿರಲಿಲ್ಲ, ಸೊಂಟಕ್ಕೆ ನೇತುಹಾಕಿಕೊಂಡಿದ್ದ. ಮೊದಲೆಲ್ಲ ಒಂದು ಗಿಡಕ್ಕೆ ಹಾಡಿನ ಒಂದು ಸಾಲು ಶಿಳ್ಳೆ ಹಾಕುತ್ತಿದ್ದನಂತೆ. ಹಾಡಿನ ಸಾಲು ಮುಗಿದರೆ ಕೈ ಹಾಲಿಗೆ, ಆಮೇಲೆ ಮುಂದಿನ ಗಿಡ, ಹಾಡಿನ ಮುಂದಿನ ಸಾಲು. ಗಿಡಕ್ಕೊಂದು ಸಲ ಅದ್ದುವುದು ಮರೆಯದಿರಲಿ ಎಂದು ಅವನೇ ಮಾಡಿಕೊಂಡ ಉಪಾಯ. ಈಗ ಶಿಳ್ಳೆ ಹಾಕುವ ಮನಸ್ಸಿಲ್ಲದೆ ಬಾಯೊಳಗೇ ಗುನುಗುತ್ತಿದ್ದ. ಇಷ್ಟು ವರ್ಷ ಅದನ್ನು ಹುಡುಗಾಟ ಎಂದುಕೊಂಡಿದ್ದ ಗೇಣಪ್ಪ ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಅವನ ಮುಖ ಹುಳ್ಳಗಾಯಿತು. ಗಿಡಕ್ಕೊಂದು ಸಲ ಅದ್ದುವುದು ತನಗೆ ಹೊಳೆಯಲಿಲ್ಲವಲ್ಲ ಎಂದು ಆಗಲೂ ಅವನಿಗೆ ಹೊಟ್ಟೆಕಿಚ್ಚೇ ಆದದ್ದು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ರೋಗ ಬಂದ ಗಿಡಗಳು ಹಿಂದೆ ಎಲ್ಲಕ್ಕಿಂತ ಚೆನ್ನಾಗಿದ್ದವು. ಕೆಟ್ಟದ್ದು ತುದಿ ಮಾತ್ರ. ಕೆಳಗಿನ ಎಲೆಗಳ ಉದ್ದ, ಕಾಂಡದ ದಪ್ಪ, ಕಚ್ಚಿದ ಗೊಂಚಲು ನೋಡಿದರೆ ಒಂದೊಂದೂ ಆ ಗಾಜಿನಮನೆಯ ಹೆಮ್ಮೆ.

“ಸಿಗರೇಟಿನ ಬೆರಳಿಗೆ ಗಿಡ ಆರಿಸೋಕೆ ಬರಲ್ಲ,” ಎಂದೆ. “ಇದ್ಯಾರೋ ಚೆನ್ನಾಗಿರೋದನ್ನೇ ಹುಡುಕಿ ಹುಡುಕಿ ಮುಟ್ಟಿದ್ದಾರೆ.”

ಗೇಣಪ್ಪನಿಗೆ ಆಗಲೂ ಒಂದು ಧೈರ್ಯವಿತ್ತು. ತನ್ನ ಗಿಡಗಳು ಎಲ್ಲವೂ ಆರೋಗ್ಯವಾಗಿವೆ. ಇಲ್ಲದ ರೋಗವನ್ನು ತಾನು ತರಲು ಹೇಗೆ ಸಾಧ್ಯ?

ಆ ಧೈರ್ಯವೂ ಅದೇ ಮಧ್ಯಾಹ್ನ ಹೋಯಿತು. ಹೋಲಿಕೆಗೆ ನನಗೊಂದು ಆರೋಗ್ಯವಾದ ಎಲೆ ಬೇಕಿತ್ತು. ಎರಡನೇ ನಂಬರಿನದು ಯಾವುದನ್ನೂ ನಂಬುವ ಹಾಗಿರಲಿಲ್ಲ, ಹಾಗಾಗಿ ಗೇಣಪ್ಪನನ್ನೇ ಕೇಳಿದೆ. ಅವನ ಎದೆ ಉಬ್ಬಿತು. ಆರೋಗ್ಯದ ಎಲೆ ಬೇಕಾ, ನಮ್ಮಲ್ಲಿ ಬೇರೆ ಥರದ್ದು ಸಿಗಲ್ಲ ಎನ್ನುತ್ತ ಹೋಗಿ, ಆರಿಸಿ ಆರಿಸಿ ಒಂದು ಎಲೆ ತಂದ. ಅರೆದೆ, ಪಟ್ಟಿ ಅದ್ದಿದೆ, ಮೇಜಿನ ಮೇಲಿಟ್ಟೆ. ಮೊದಲ ಗೆರೆ ಬಂತು. ನಾನು ಬೇರೆ ಚೀಲಕ್ಕೆ ಹೆಸರು ಬರೆಯುತ್ತಿದ್ದೆ. ತಲೆ ಎತ್ತಿದಾಗ ಗೇಣಪ್ಪ ಪಟ್ಟಿಯ ಮೇಲೆ ಬಗ್ಗಿ ನಿಂತಿದ್ದ. ಎರಡನೇ ಗೆರೆ ಮೊದಲು ಅನುಮಾನದಷ್ಟು ತೆಳುವಾಗಿ, ಆಮೇಲೆ ಪೆನ್ಸಿಲಿನಲ್ಲಿ ಎಳೆದಷ್ಟು ಸ್ಪಷ್ಟವಾಗಿ ಮೂಡಿತು.

“ಪಟ್ಟಿ ಹಳೇದಿರಬೇಕು,” ಎಂದ.

ಹೊಸ ಪೊಟ್ಟಣ ಒಡೆದು ಇನ್ನೊಂದು ಅದ್ದಿದೆ. ಅದೇ.

ಹಳೆಯ ತಳಿ ಗಟ್ಟಿ ಎಂದೆನಲ್ಲ, ಅದರ ಗಟ್ಟಿತನ ಇಂಥದ್ದು. ವೈರಸ್ಸು ಒಳಗೆ ಸೇರಿದರೂ ಅಷ್ಟಾಗಿ ಹೆಚ್ಚುವುದಿಲ್ಲ. ಎಲೆ ಕೆಡುವುದಿಲ್ಲ, ಗಿಡ ಹೇಗೋ ತಾಳಿಕೊಂಡು ಬೆಳೆಯುತ್ತದೆ, ತುಸು ನಿಧಾನವಾಗಿ. ಬಹುಶಃ ಬೀಜದ ಸಿಪ್ಪೆಯ ಮೇಲೇ ಬಂದಿರಬೇಕು. ಮುಖ ನೋಡಿ ಯಾರೂ ಹೇಳಲಾರರು. ಆದರೆ ಅದನ್ನು ಒತ್ತಿದ ಬೆರಳು ರೋಗ ತಾಳದ ಹೊಸ ತಳಿಯನ್ನು ಒತ್ತಿದರೆ ಅಷ್ಟು ಸಾಕು. ಇದನ್ನೆಲ್ಲ ನಾನು ಗೇಣಪ್ಪನಿಗೆ ಹೇಳಿದೆ. ಯಾಕೆ ಹೇಳುತ್ತಿದ್ದೇನೆ ಎಂದು ಆಗ ನನಗೆ ಪೂರ್ತಿ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೊರಗೆ ಹೋದ.

ಆವತ್ತು ಸಂಜೆ ಅವನ ಮನೆಗೆ ನಾದಿನಿ ಬಂದಿದ್ದಳು, ಅಂದರೆ ಶಿಳ್ಳೆಯ ಹೆಂಡತಿ. ಅಕ್ಕನ ಪಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಗಂಡ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂದಳು. ಸಿಗರೇಟು ಬಿಟ್ಟು ಒಂದು ವರ್ಷ ದಾಟಿತ್ತು, ಹಾಗಂತ ಹೇಳಿದರೆ ಯಾರೂ ನಂಬುತ್ತಿಲ್ಲ. ಅವನನ್ನು ಪ್ಯಾಕಿಂಗ್ ಕೋಣೆಗೆ ಹಾಕುತ್ತಾರಂತೆ, ನಾಳೆ ಬೆಳಿಗ್ಗೆ ಆಫೀಸಿಗೆ ಕರೆದಿದ್ದಾರೆ. ಡಬ್ಬಕ್ಕೆ ಅಂಟು ಹಚ್ಚುವ ಕೆಲಸಕ್ಕೆ ಹೋದರೆ ಮನುಷ್ಯ ಉಳಿಯುವುದಿಲ್ಲ, ಗಿಡ ಬಿಟ್ಟು ಅವನಿಗೆ ಬೇರೆ ಏನೂ ಬೇಡ.

“ಭಾವ, ನೀವೊಂದು ಮಾತು ಹೇಳಿ,” ಎಂದಳು. “ನಿಮ್ಮ ಮಾತು ಕೇಳ್ತಾರೆ.”

ಗೇಣಪ್ಪ ನೋಡೋಣ ಎಂದ. ಆಮೇಲೆ ಅವಳು ಹೇಳಿದ್ದನ್ನು ಅವನು ನನಗೆ ಎರಡು ಸಲ ಹೇಳಿದ್ದಾನೆ, ಎರಡು ಸಲವೂ ಒಂದೇ ಮಾತುಗಳಲ್ಲಿ.

“ನಮ್ಮನೆಯವರಿಗೆ ಮೊದಲಿಂದ ಒಂದೇ ಕೊರಗು. ಅಣ್ಣ ನಮ್ಮ ಕಡೆ ಕಾಲಿಟ್ಟೂ ನೋಡಲ್ಲ, ಒಂದು ದಿನ ಬಂದು ಗಿಡ ನೋಡಿ ಪರವಾಗಿಲ್ಲ ಕಣೋ ಅಂದಿದ್ರೆ ಸಾಕಿತ್ತು, ಅಂತ.”

ಹೆಂಡತಿ ಅವನ ಬೆರಳುಗಳನ್ನು ನೋಡಿದಳು. ಮಧ್ಯಾಹ್ನದ ಹಸಿರು ಉಗುರಿನ ಸಂದಿಯಲ್ಲಿ ಕಪ್ಪಾಗಿತ್ತು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಅವಳು ಏನನ್ನೂ ಕೇಳಬೇಕಾಗಿರಲಿಲ್ಲ. ತಂಗಿ ಹೋದ ಮೇಲೆ ತಟ್ಟೆ ಇಡುತ್ತ, ಬೀಗದ ಕೈ ಸಿಕ್ಕರೆ ಎಲ್ಲಿ ತೂಗುಹಾಕುತ್ತೀರಿ ಎಂದಷ್ಟೇ ಅಂದಳು. ಗೇಣಪ್ಪನಿಗೆ ಅದರ ಉತ್ತರ ಬಹಳ ಕಾಲದಿಂದ ಗೊತ್ತಿತ್ತು. ಬಾಗಿಲ ಪಕ್ಕದ ಮೊಳೆಯನ್ನು ಅವನು ಯಾವತ್ತೋ ಹೊಡೆದಿಟ್ಟಿದ್ದ.

ಬೆಳಿಗ್ಗೆ ಆಫೀಸಿನಲ್ಲಿ ನಾವು ನಾಲ್ವರೇ. ಯಜಮಾನಿ ಮೇಜಿನ ಹಿಂದೆ, ಶಿಳ್ಳೆ ಬಾಗಿಲ ಹತ್ತಿರ ನಿಂತು, ಗೇಣಪ್ಪ ಕುರ್ಚಿಯ ತುದಿಯಲ್ಲಿ. ಬೀಗದ ಕೈ ಮೇಜಿನ ಮೇಲೇ ಇತ್ತು. ಯಜಮಾನಿ ಸುತ್ತಿ ಬಳಸಿ ಮಾತಾಡುವವರಲ್ಲ. ಎರಡನೇ ನಂಬರಿನ ಗಿಡಗಳನ್ನೆಲ್ಲ ಕಿತ್ತು ಹಾಕುವುದು, ಶಿಳ್ಳೆ ಪ್ಯಾಕಿಂಗಿಗೆ, ಸಸಿಮನೆ ಗೇಣಪ್ಪನಿಗೆ. ನನಗೇನಾದರೂ ಹೇಳುವುದಿದೆಯೇ ಎಂದರು.

ನಾನು ನಕ್ಷೆ ಬಿಚ್ಚಿಟ್ಟೆ. ಕಾಣುತ್ತಿರುವವು ಮೂವತ್ತೆಂಟು, ಕಾಣದವು ಇನ್ನೆಷ್ಟಿವೆಯೋ ಗೊತ್ತಿಲ್ಲ. ಅವು ಯಾವುವು ಎಂದು ತಿಳಿಯದಿದ್ದರೆ ಎರಡು ಸಾವಿರವನ್ನೂ ಕೀಳಬೇಕಾಗುವುದು ನಿಜ. ಆದರೆ ರೋಗ ಶಿಳ್ಳೆಯ ಕೈಯಿಂದ ಹರಡಿದ್ದಲ್ಲ, ಅವನ ಕೈಯಿಂದ ನಿಂತಿದೆ ಎಂದೆ. ಒಂದನೇ ನಂಬರಿನ ಎಲೆಯಲ್ಲೂ ಎರಡು ಗೆರೆ ಬಂದಿವೆ, ಇದು ಅಲ್ಲಿ ಕೆಲಸ ಮಾಡಿ, ಹಾಲಿಗೆ ಕೈ ಅದ್ದದೆ, ಎರಡನೇ ನಂಬರಿನ ಒಳ್ಳೆಯ ಗಿಡಗಳನ್ನಷ್ಟೇ ಮುಟ್ಟಿ ಹೋದವರ ಕೆಲಸ. ಹೆಸರು ಹೇಳಲಿಲ್ಲ. ಅಷ್ಟು ಹೊತ್ತಿಗೆ ನನಗೂ ಗೊತ್ತಾಗಿತ್ತು, ಆದರೆ ಹೇಳಬೇಕಾದವನು ನಾನಲ್ಲ ಅನ್ನಿಸಿತ್ತು.

ಶಿಳ್ಳೆಯೇ ಮೊದಲು ಮಾತಾಡಿದ. ಒಂದನೇ ನಂಬರಿನವರು ಯಾರೂ ನನ್ನ ಕಡೆ ಬರಲ್ಲ, ಕೊಳ್ಳುವವರು ಎರಡೂ ಕಡೆ ಓಡಾಡಿದ್ದರು, ಅವರಿರಬಹುದು ಎಂದ. ಯಜಮಾನಿಗೆ ಅದು ಒಪ್ಪಿಗೆಯಾಗುವ ಹಾಗಿತ್ತು. ಹೊರಗಿನವರ ಮೇಲೆ ಹಾಕಿಬಿಟ್ಟರೆ ಒಳಗೆ ಯಾರಿಗೂ ನೋವಿಲ್ಲ. ಗೇಣಪ್ಪ ಸುಮ್ಮನೆ ಕೂತಿದ್ದರೆ ಬೀಗದ ಕೈ ಅವನ ಜೇಬಿಗೆ ಬರುತ್ತಿತ್ತು, ಎರಡನೇ ನಂಬರು ಬೋಳಾಗುತ್ತಿತ್ತು, ಬಹುಶಃ ಶಿಳ್ಳೆಯ ಮೇಲಿನ ಅಪವಾದವೂ ಅರ್ಧ ಕಳೆಯುತ್ತಿತ್ತು.

“ಕೊಳ್ಳುವವರಲ್ಲ, ನಾನೇ,” ಎಂದ ಗೇಣಪ್ಪ. “ಊಟದ ಹೊತ್ತಲ್ಲಿ ಹೋಗ್ತಿದ್ದೆ.”

ಶಿಳ್ಳೆ ಅವನ ಕಡೆ ತಿರುಗಿದ. “ನೀವಾ? ನೋಡೋಕೆ ಬರ್ತಿದ್ರಾ?” ಎಂದ. ಅವನ ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕೋಪ ಸ್ವಲ್ಪ ತಡವಾಗಿ ಬಂತು, ಬಂದ ಮೇಲೆ ಕೆಲವು ತಿಂಗಳು ಇತ್ತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೇಣಪ್ಪ ನಮ್ಮನ್ನು ಎರಡನೇ ನಂಬರಿಗೆ ಕರೆದುಕೊಂಡು ಹೋಗಿ, ತಾನು ಕೈ ಹಾಕಿದ ಗಿಡಗಳನ್ನು ಒಂದೊಂದಾಗಿ ತೋರಿಸಿದ. ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ, ತಡವರಿಸಲೂ ಇಲ್ಲ. ಈ ಗಿಡ ತನ್ನದಕ್ಕಿಂತ ಎರಡು ಬೆರಳು ಜಾಸ್ತಿ, ಇದು ಒಂದೂವರೆ, ಇದು ಎಲೆಯಲ್ಲಿ ಸಮ ಆದರೆ ಕಾಂಡದಲ್ಲಿ ಉಗುರಿನಷ್ಟು ದಪ್ಪ. ನಾನು ಕೆಂಪು ದಾರ ಕಟ್ಟುತ್ತ ಹಿಂದೆ ನಡೆದೆ. ನನ್ನ ನಕ್ಷೆಯಲ್ಲಿದ್ದ ಎಲ್ಲವೂ ಅದರಲ್ಲಿ ಸಿಕ್ಕವು. ನಕ್ಷೆ ಕಾಣದ, ತುದಿಯಲ್ಲಿ ಒಂದು ಚುಕ್ಕೆಯೂ ಇಲ್ಲದ ಗಿಡಗಳೂ ಇದ್ದವು. ಅವುಗಳ ಎಲೆ ಅರೆದಾಗ ಹೆಚ್ಚಿನವು ಎರಡು ಗೆರೆ ತೋರಿಸಿದವು. ಅಷ್ಟನ್ನೂ ಬೇರುಸಹಿತ ಕಿತ್ತು ಚೀಲಕ್ಕೆ ತುಂಬಿ ಸುಟ್ಟರು. ಆಮೇಲೆ ಅಲ್ಲೊಂದು ಇಲ್ಲೊಂದು ಕಾಣಿಸಿತು, ಆದರೆ ಎರಡನೇ ನಂಬರು ಉಳಿಯಿತು, ಕೊನೆಯ ಗೊಂಚಲಿನವರೆಗೆ ಹಣ್ಣು ಕೊಟ್ಟಿತು.

ಸಸಿಮನೆಯ ಬೀಗದ ಕೈ ಶಿಳ್ಳೆಗೆ ಹೋಯಿತು. ಗೇಣಪ್ಪನಿಗೆ ಒಂದನೇ ನಂಬರೇ ಗಟ್ಟಿಯಾಯಿತು. ಅಕ್ಕ ತಂಗಿಯರು ಒಂದು ವಾರ ಮಾತು ಬಿಟ್ಟರು, ಆಮೇಲೆ ಗಂಡಂದಿರನ್ನು ಬಿಟ್ಟು ತಾವಿಬ್ಬರೇ ಮಾತಾಡತೊಡಗಿದರು. ಈಗ ಗೇಣಪ್ಪನಿಗೆ ಪ್ರತಿವರ್ಷ ಸಸಿ ಬರುವುದು ಶಿಳ್ಳೆಯ ಕೈಯಿಂದ. ಮೊದಲು ಮೊಣಕೈವರೆಗೆ ಹಾಲಿಗೆ ಅದ್ದಿ, ಆಮೇಲೆ ಪ್ರತಿ ಸಸಿಯನ್ನೂ ಬೆರಳಿನಲ್ಲಿ ಅಳೆದು, ತಪ್ಪು ಹುಡುಕಿ, ಸಿಗದೆ ಬೇಸರಪಟ್ಟು, ತೆಗೆದುಕೊಳ್ಳುತ್ತಾನೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಒಮ್ಮೆ ಕೇಳಿದೆ.

“ಅದೆಲ್ಲಿ ಹೋಗುತ್ತೆ ಲ್ಯಾಬಿನವರೇ,” ಎಂದ. “ಹಳೇ ತಳಿ. ಮೇಲೆ ಕಾಣಲ್ಲ, ಅಷ್ಟೆ.”

ಆದರೆ ಆ ಬೆಳಿಗ್ಗೆ ಆಫೀಸಿನಲ್ಲಿ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ನಾನೇ ಎಂದು ಅವನು ಹೇಳಿದ ಮೇಲೆ ಯಜಮಾನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾಕೆ ಎಂದು ಕೇಳಿದರು. ಅವನ ಗಿಡ ನನ್ನದಕ್ಕಿಂತ ಚೆನ್ನಾಗಿದೆಯಾ ಅಂತ ನೋಡೋಕೆ ಎಂದ ಗೇಣಪ್ಪ. ಚೆನ್ನಾಗಿ ಕಂಡಿದ್ದಕ್ಕೆ ಮಾತ್ರ ಕೈ ಹಾಕುತ್ತಿದ್ದೆ, ಬೇರೆಯದನ್ನು ಮುಟ್ಟಿಲ್ಲ ಎಂದ. ಇಷ್ಟು ಹೇಳುವಾಗ ಅವನ ದನಿ ಸರಿಯಾಗಿಯೇ ಇತ್ತು. ತಪ್ಪು ಮಾಡಿದೆ ಎಂದು ಹೇಳುವುದು ಅವನಿಗೆ ಅಷ್ಟು ಕಷ್ಟವಾಗಲಿಲ್ಲ.

ಯಜಮಾನಿ ನಕ್ಷೆಯನ್ನು ಅವನ ಕಡೆಗೆ ತಿರುಗಿಸಿದರು. “ಹಾಗಾದರೆ ಸರಿಯಾಗಿ ಹೇಳಿ. ನಿಮ್ಮದಕ್ಕಿಂತ ಚೆನ್ನಾಗಿದ್ದವು ಎಷ್ಟು?”

ಶಿಳ್ಳೆ ಬಾಗಿಲ ಹತ್ತಿರ ನಿಂತೇ ಇದ್ದ. ಗೇಣಪ್ಪನ ಬಲಗೈ ಬೆರಳುಗಳು ಪ್ಯಾಂಟಿನ ಮೇಲೆ ಅಗಲವಾಗಿ, ಮತ್ತೆ ಕೂಡಿಕೊಂಡವು. ಅವನು ನಕ್ಷೆಯನ್ನು ನೋಡಲಿಲ್ಲ, ಯಜಮಾನಿಯನ್ನೂ ನೋಡಲಿಲ್ಲ. ಷಡ್ಡಕನ ಮುಖ ನೋಡಿ ಹೇಳಿದ:

“ಅರವತ್ತೆರಡು.”